ಅಂಗೈಗೆ ಬಂದ ಸಿನಿಮಾ

ನಮ್ಮ ಕಡೆಯ ಪೇಟೆ ಬೀದಿಗಳಲ್ಲಿ ಮೊಬೈಲು ರಿಪೇರಿ ಅಂಗಡಿಗಳ ಮುಂದೆ ಒಂದು ಸಣ್ಣ ಬೋರ್ಡು ಕಾಣುತ್ತದೆ. 'ಹಳೇ ಮದುವೆ ಕ್ಯಾಸೆಟ್, ಸಿಡಿ, ಡಿವಿಡಿಗಳನ್ನು ಪೆನ್‌ಡ್ರೈವ್ ಹಾಗೂ ಮೊಬೈಲಿಗೆ ಹಾಕಿ ಕೊಡಲಾಗುವುದು' ಎಂದು ಅದರಲ್ಲಿ ಬರೆದಿರುತ್ತದೆ. ಕಾಯಿಪಲ್ಲೆಯ ಚೀಲ ಹಿಡಿದು ಹೊರಟ ನಾವು ಅದನ್ನು ಓದುತ್ತೇವೆ, 'ಹೌದಲ್ಲ, ನಮ್ಮ ಮನಿಯಾಗೂ ಅದಾವು' ಎಂದುಕೊಳ್ಳುತ್ತೇವೆ, ಮತ್ತೆ ಮುಂದೆ ಹೋಗುತ್ತೇವೆ. ಶಾಲೆಯಲ್ಲಿ ಕದಂಬರು, ಚಾಲುಕ್ಯರು, ನವಾಬರು ಎಂದು ಇತಿಹಾಸ ಹೇಳುವುದೇ ನನ್ನ ಹೊಟ್ಟೆಪಾಡು. ಆದರೆ ಈ ಬೋರ್ಡಿನ ಹಿಂದೆಯೂ ಒಂದು ಇತಿಹಾಸವಿದೆ. ಅದು ಯಾವ ಪಠ್ಯಪುಸ್ತಕದಲ್ಲೂ ಬಂದಿಲ್ಲ. ನಮ್ಮ ಕಣ್ಣ ಮುಂದೆಯೇ ನಡೆದು, ನಮ್ಮ ಕಣ್ಣ ಮುಂದೆಯೇ ಮುಗಿಯುತ್ತ ಬಂದಿದೆ.

ನೌಕರಿಯ ಸಲುವಾಗಿ ನಾನು ಹಿರೇಕೆರೂರು, ಹಾನಗಲ್ಲ, ಸವಣೂರು, ಶಿಗ್ಗಾಂವಿ ಈ ನಾಲ್ಕೂ ತಾಲೂಕುಗಳ ನೀರು ಕುಡಿದವಳು. 1997ರಲ್ಲಿ ಹಾವೇರಿ ಜಿಲ್ಲೆ ಆಗುವವರೆಗೆ ಇವೆಲ್ಲ ಧಾರವಾಡ ಜಿಲ್ಲೆಯವೇ ಆಗಿದ್ದವು. ಸಿನಿಮಾಕ್ಕೂ ಈ ಮಣ್ಣಿಗೂ ನಂಟು ಹಳೆಯದು. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಪಾತ್ರವನ್ನು ರಾಜಕುಮಾರ್ 1960ರ 'ಭಕ್ತ ಕನಕದಾಸ'ದಲ್ಲಿ ಮಾಡಿದರು. ಹಿರೇಕೆರೂರ ಸೀಮೆಯವನೆಂದು ನಾವು ಹೆಮ್ಮೆಪಡುವ ಸರ್ವಜ್ಞ 1965ರ 'ಸರ್ವಜ್ಞಮೂರ್ತಿ'ಯಲ್ಲಿ ತೆರೆಗೆ ಬಂದ. ಶಿಶುನಾಳದ ಶರೀಫರ ಕಥೆಯನ್ನು ನಾಗಾಭರಣರು 1990ರಲ್ಲಿ ಚಿತ್ರ ಮಾಡಿದರು; ಶ್ರೀಧರ್ ಶರೀಫರಾದರೆ ಗಿರೀಶ ಕಾರ್ನಾಡರು ಗುರು ಗೋವಿಂದಭಟ್ಟರಾದರು. ಹಾನಗಲ್ಲ ಕುಮಾರ ಶಿವಯೋಗಿಗಳ ಮೇಲಿನ 'ವಿರಾಟಪುರ ವಿರಾಗಿ' 2023ರಲ್ಲಿ ಬಂತು. ಎಲೆ, ಖಾರ, ನವಾಬರಿಗೆ ಹೆಸರಾದ ಸವಣೂರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರ ವರದಿಯ ಸಲುವಾಗಿಯೇ 1982ರಲ್ಲಿ ರಾಜಕುಮಾರ್ ಬೀದಿಗಿಳಿದರು. ಹೀಗೆ ನಮ್ಮ ಮಣ್ಣಿನವರ ಕಥೆ ಬೆಳ್ಳಿತೆರೆಯ ಮೇಲೆ ಹೋಯಿತು. ಅದು ತಿರುಗಿ ನಮ್ಮ ಹೆಣ್ಣುಮಕ್ಕಳ ಕೈಗೆ ಬರಲು ಮಾತ್ರ ಬಹಳ ದೂರ ನಡೆಯಬೇಕಾಯಿತು.

ನಮ್ಮ ತಾಯಂದಿರ ಕಾಲಕ್ಕೆ ಸಿನಿಮಾ ಎಂದರೆ ಡೇರೆ. ಜಾತ್ರೆಗೋ ಸುಗ್ಗಿ ಮುಗಿದ ಮೇಲೋ ಊರ ಹೊರಗೆ ಟೂರಿಂಗ್ ಟಾಕೀಸು ಬರುತ್ತಿತ್ತು. ನೆಲಕ್ಕೆ ಕುಳಿತು ನೋಡುವುದು, ಹೆಂಗಸರಿಗೆ ಬೇರೆ ಕಡೆ. ಹೋಗಬೇಕೆಂದರೆ ಅತ್ತೆಯ ಅಪ್ಪಣೆ ಬೇಕು, ಜೋಡಿಗೆ ನಾಲ್ಕು ಮಂದಿ ಬೇಕು, ಮನೆಗೆ ಬಂದ ಮೇಲೆ ಬೈಸಿಕೊಳ್ಳುವ ಧೈರ್ಯವೂ ಬೇಕು. ವರ್ಷಕ್ಕೊಂದು ಸಿನಿಮಾ ನೋಡಿ ಅದನ್ನೇ ಮುಂದಿನ ವರ್ಷದವರೆಗೆ ಹೇಳಿಕೊಳ್ಳುತ್ತಿದ್ದರು.

ಎಂಬತ್ತರ ದಶಕದಲ್ಲಿ ವಿಸಿಆರ್ ಬಂತು. ಜಪಾನಿನವರು 1976ರಲ್ಲಿ ಹೊರತಂದ ವಿಎಚ್ಎಸ್ ಕ್ಯಾಸೆಟ್ಟು ನಮ್ಮ ಓಣಿಗಳಿಗೆ ಬಾಡಿಗೆಯ ಮೇಲೆ ಬರುವ ಹೊತ್ತಿಗೆ ಹತ್ತು ವರ್ಷವೇ ಆಗಿತ್ತು. ಗಣಪತಿ ಹಬ್ಬಕ್ಕೆ ಪಟ್ಟಿ ಎತ್ತಿ, ಟಿವಿ ಸಮೇತ ಬಾಡಿಗೆಗೆ ತಂದು, ಒಂದೇ ರಾತ್ರಿಯಲ್ಲಿ ಮೂರು ಸಿನಿಮಾ ಹಾಕುತ್ತಿದ್ದರು. ಮೂರನೆಯದು ಮುಗಿಯುವ ಹೊತ್ತಿಗೆ ಗಂಡಸರು ಗೊರಕೆ ಹೊಡೆಯುತ್ತಿದ್ದರು, ಹೆಂಗಸರು ಎದ್ದು ಅಂಗಳಕ್ಕೆ ನೀರು ಹಾಕುತ್ತಿದ್ದರು. ಸಿನಿಮಾ ಊರ ಹೊರಗಿನಿಂದ ಕಟ್ಟೆಯವರೆಗೆ ಬಂದಿತ್ತು. ಹೊಸ್ತಿಲು ದಾಟಿರಲಿಲ್ಲ.

ಹೊಸ್ತಿಲು ದಾಟಿಸಿದ್ದು ಸಿಡಿ. ಆ ಮಿರಿಮಿರಿ ಮಿಂಚುವ ತಟ್ಟೆಯನ್ನು ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1982ರಲ್ಲಿ ಹಾಡಿನ ಸಲುವಾಗಿ ಹೊರತಂದಿದ್ದವು. 1993ರಲ್ಲಿ ಅದರಲ್ಲೇ ಚಿತ್ರವನ್ನೂ ತುಂಬುವ ಕ್ರಮ ಬಂದು ವಿಸಿಡಿ ಎನಿಸಿತು. ಒಂದು ತಟ್ಟೆಗೆ 74 ನಿಮಿಷ ಹಿಡಿಯುತ್ತಿತ್ತು. ನಮ್ಮ ಸಿನಿಮಾಗಳೋ ಎರಡೂವರೆ ತಾಸು. ಹಾಗಾಗಿ ಒಂದು ಚಿತ್ರಕ್ಕೆ ಎರಡು ತಟ್ಟೆ, ಉದ್ದದ್ದಾದರೆ ಮೂರು. ನಾಯಕಿ ಅಳುತ್ತ ಬಾಗಿಲ ಕಡೆ ಓಡುವಾಗಲೇ ತಟ್ಟೆ ಮುಗಿದು, ಹುಡುಗರು ಎದ್ದು ಎರಡನೆಯದನ್ನು ಹಾಕುವವರೆಗೆ ನಾವೂ ಕಣ್ಣೀರು ತಡೆದು ಕುಳಿತಿರಬೇಕಾಗುತ್ತಿತ್ತು. ಅಗ್ಗದ ಪ್ಲೇಯರುಗಳು ಬಂದವು. 2007ರಲ್ಲಿ ಮೋಸರ್ ಬೇರ್ ಎಂಬ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರುಮಾಡಿದಾಗ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಬಾಳೆಹಣ್ಣಿನ ಬಾಜೂಕೆ ಸಿನಿಮಾ ಸಿಗುವಂತಾಯಿತು. ನಮ್ಮ ಸ್ಟಾಫ್ ರೂಮಿನಲ್ಲಿ ಬ್ಲೌಸ್ ಪೀಸಿನ ಹಾಗೆ ಸಿಡಿಗಳೂ ಕೈಯಿಂದ ಕೈಗೆ ಹೋಗುತ್ತಿದ್ದವು. ಯಾರನ್ನೂ ಕೇಳದೆ, ರೊಟ್ಟಿ ಬಡಿದು ಮುಗಿಸಿ, ಮಧ್ಯಾಹ್ನ ಎರಡು ತಾಸು ತಮ್ಮಷ್ಟಕ್ಕೆ ತಾವೇ ಸಿನಿಮಾ ನೋಡಿದ ಮೊದಲ ತಲೆಮಾರು ನಮ್ಮದು.

ಅಷ್ಟರಲ್ಲೇ ಮೊಬೈಲು ಬಂದಿತ್ತು. 2005ರ ನಂತರ ಚಿತ್ರ ತೋರಿಸುವ ಫೋನುಗಳು ನಮ್ಮ ತಾಲೂಕುಗಳಿಗೂ ಬಂದವು. ಮೊದಲು ನೋಕಿಯಾ, ಆಮೇಲೆ ಊರಿಗೆಲ್ಲ ಕೇಳುವ ಸ್ಪೀಕರಿನ ಚೈನಾ ಸೆಟ್ಟು. ಅದರೊಳಗೆ ಉಗುರಿನಷ್ಟು ಮೆಮೊರಿ ಕಾರ್ಡು. ಜನರ ಬಾಯಲ್ಲಿ ಅದು 'ಚಿಪ್ಪು'. 'ಚಿಪ್ಪಿಗೆ ಸಿನಿಮಾ ಹಾಕಿಸಿಕೊಂಡು ಬಾ' ಎಂಬ ಮಾತು ಕೇಳಿದಾಗ ನನಗೆ ನಗು ಬರುತ್ತಿತ್ತು. ಕೊಬ್ಬರಿ ಚಿಪ್ಪಿನಲ್ಲಿ ಎಣ್ಣೆ ತಂದ ಹಾಗೆ!

ಎಣ್ಣೆ ಸುರಿದಷ್ಟು ಸುಲಭದ ಕೆಲಸ ಅದಾಗಿರಲಿಲ್ಲ. ಅಂಗಡಿಯ ಹುಡುಗರಲ್ಲಿ ಹೆಚ್ಚಿನವರು ನಮ್ಮ ಶಾಲೆಗಳಲ್ಲೇ ಕಲಿತವರು. ಗಣಿತದಲ್ಲಿ ಜಾಣನಲ್ಲದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಈ ಲೆಕ್ಕವನ್ನು ನನಗೆ ತಿಳಿಸಿ ಹೇಳಿದ. ಚಿತ್ರವೆಂದರೆ ಚುಕ್ಕಿಗಳ ರಂಗೋಲಿ. ವಿಸಿಡಿಯ ಚಿತ್ರದಲ್ಲಿ ಅಡ್ಡ 352, ಉದ್ದ 288 ಚುಕ್ಕಿ. ಆಗಿನ ಫೋನುಗಳಿಗೆ ಒಗ್ಗುತ್ತಿದ್ದುದು ಅಡ್ಡ 176, ಉದ್ದ 144. ಎಂದರೆ ನಾಲ್ಕು ಚುಕ್ಕಿಗಳ ಜಾಗದಲ್ಲಿ ಒಂದೇ ಚುಕ್ಕಿ. ತಟ್ಟೆಯಲ್ಲಿ ಒಂದು ಸೆಕೆಂಡಿಗೆ 25 ಚಿತ್ರಗಳಿದ್ದರೆ ಫೋನಿನಲ್ಲಿ ಅದನ್ನೂ ಕಡಿಮೆ ಮಾಡಬೇಕು, ಇಲ್ಲದಿದ್ದರೆ ಆ ಸಣ್ಣ ಕಾರ್ಡಿನಲ್ಲಿ ಜಾಗ ಸಾಲದು. ಕಂಪ್ಯೂಟರು ಇಡೀ ಸಿನಿಮಾವನ್ನು ಬಿಚ್ಚಿ, ಒಂದೊಂದೇ ಚಿತ್ರವನ್ನು ಕುಗ್ಗಿಸಿ, ತ್ರೀಜಿಪಿ ಎಂಬ ಹೊಸ ಗಂಟಿನಲ್ಲಿ ಕಟ್ಟುತ್ತಿತ್ತು. ರಾತ್ರಿ ಅಂಗಡಿ ಮುಚ್ಚುವಾಗ ಹಚ್ಚಿಟ್ಟು ಹೋದರೆ ಬೆಳಿಗ್ಗೆ ಸಿನಿಮಾ ತಯಾರು. ಇಡ್ಲಿ ಹಿಟ್ಟು ಉಬ್ಬಿದ ಹಾಗೆ, ಆದರೆ ಇದು ತಿರುವುಮುರುವು. ಹಿಟ್ಟು ಉಬ್ಬುತ್ತದೆ, ಸಿನಿಮಾ ಕುಗ್ಗುತ್ತದೆ.

ಧ್ವನಿಯ ಗತಿ ಇನ್ನೂ ಕೆಟ್ಟದ್ದು. ಆ ಗಂಟಿನಲ್ಲಿ ಧ್ವನಿ ಕಟ್ಟುತ್ತಿದ್ದ ಒಂದು ಕ್ರಮ ಫೋನಿನ ಮಾತಿಗಾಗಿ ಮಾಡಿದ್ದು. 'ಹಲೋ, ಎಲ್ಲಿದ್ದೀರಿ' ಎಂಬುದಕ್ಕೆ ಸಾಕಾಗುವಂಥದ್ದು. ಅದರಲ್ಲಿ ಶರೀಫರ ಪದಗಳಿಗೆ ಅಶ್ವಥ್ ಎತ್ತಿದ ಸ್ವರ ಹಾಕಿದರೆ ಬಾವಿಯೊಳಗಿಂದ ಕೂಗಿದಂತೆ ಕೇಳುತ್ತಿತ್ತು. ಆದರೂ ಜನ ಖುಷಿಪಟ್ಟರು. ಹೊಲಕ್ಕೆ ಬುತ್ತಿ ಒಯ್ದವಳು ಬದುವಿನ ಮೇಲೆ ಕುಳಿತು ರಾಜಕುಮಾರರನ್ನು ನೋಡಿದಳು. ಬಾಣಂತಿ ಕೋಣೆಯೊಳಗೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ನೋಡಿದಳು. ಚುಕ್ಕಿ ಕಡಿಮೆಯಾಯಿತೆಂದು ಅವರಾರೂ ದೂರಲಿಲ್ಲ. ಒಂದು ಮಾತ್ರ ನಿಜ. ಡೇರೆಯಲ್ಲಿ ನೂರು ಮಂದಿ ಕೂಡಿ ಅಳುತ್ತಿದ್ದರು, ಕಟ್ಟೆಯ ಮೇಲೆ ಇಪ್ಪತ್ತು, ಟಿವಿ ಮುಂದೆ ಐದು. ಅಂಗೈಯ ಸಿನಿಮಾಕ್ಕೆ ಒಬ್ಬಳೇ ಅಳಬೇಕು. ಸಿಕ್ಕಿದ ಸ್ವಾತಂತ್ರ್ಯಕ್ಕೆ ಕೊಟ್ಟ ಬೆಲೆ ಅದು.

ಡಿವಿಡಿಯ ಕಥೆ ಸ್ವಲ್ಪ ಬೇರೆ. 1996ರಲ್ಲಿ ಜಪಾನಿನಲ್ಲಿ ಬಂದ ಈ ತಟ್ಟೆ ನೋಡಲು ಸಿಡಿಯಂತೆಯೇ ಇದ್ದರೂ ಅದರ ಆರೇಳು ಪಟ್ಟು ಹಿಡಿಯುತ್ತದೆ. ಇಡೀ ಸಿನಿಮಾ ಒಂದೇ ತಟ್ಟೆಯಲ್ಲಿ. ಆದರೆ ದೊಡ್ಡ ಕಂಪನಿಗಳು ಅದಕ್ಕೆ ಬೀಗ ಹಾಕಿದ್ದವು. ಜಗತ್ತನ್ನು ವಲಯಗಳಾಗಿ ಹಂಚಿ, ಭಾರತಕ್ಕೆ ಐದನೆಯ ನಂಬರು ಕೊಟ್ಟಿದ್ದವು. ಅಮೆರಿಕದಲ್ಲಿದ್ದ ಮಗ ಅಲ್ಲಿಂದ ಡಿವಿಡಿ ತಂದರೆ ಇಲ್ಲಿಯ ಪ್ಲೇಯರು ಅದನ್ನು ನುಂಗಿ ಸುಮ್ಮನೆ ಕೂಡುವುದು ಇದರಿಂದಲೇ. 1999ರಲ್ಲಿ ನಾರ್ವೆ ದೇಶದ ಯೋನ್ ಯೋಹಾನ್ಸೆನ್ ಎಂಬ ಹದಿನೈದರ ಹುಡುಗ ಜೊತೆಗಾರರೊಡನೆ ಕೂಡಿ ಆ ಬೀಗ ತೆಗೆಯುವ ಕ್ರಮವನ್ನು ಹೊರಬಿಟ್ಟ. ಅವನ ಮೇಲೆ ಮೊಕದ್ದಮೆ ಹೂಡಿದರು. ತಾನು ದುಡ್ಡು ಕೊಟ್ಟು ಕೊಂಡ ತಟ್ಟೆಯನ್ನು ತಾನು ನೋಡುವುದರಲ್ಲಿ ತಪ್ಪೇನು ಎಂಬುದೇ ಅಲ್ಲಿಯ ಪ್ರಶ್ನೆ. 2003ರಲ್ಲಿ ಅವನು ನಿರ್ದೋಷಿ ಎಂದು ತೀರ್ಪಾಯಿತು. ನಮ್ಮ ಹತ್ತನೆಯತ್ತೆಯ ಹುಡುಗನ ವಯಸ್ಸು!

ಇಲ್ಲಿ ಶಿಕ್ಷಕಿಯಾಗಿ ಒಂದು ಮಾತು ಹೇಳಲೇಬೇಕು. ತನ್ನ ಡಿವಿಡಿಯನ್ನು ತನ್ನ ಫೋನಿಗೆ ಹಾಕಿಕೊಳ್ಳುವುದು ಬೇರೆ, ಒಬ್ಬರ ಸಿನಿಮಾವನ್ನು ನೂರು ಚಿಪ್ಪಿಗೆ ಹಾಕಿ ಮಾರುವುದು ಬೇರೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದಾಗ ಸ್ವಂತ ಬಳಕೆಗೆ ನ್ಯಾಯವಾಗಿ ಉಪಯೋಗಿಸುವುದಕ್ಕೆ ಅವಕಾಶ ಇಟ್ಟರು. ಹಕ್ಕು ಮುರಿಯುವ ಉದ್ದೇಶದಿಂದ ಬೀಗ ಒಡೆಯುವುದನ್ನು ಅಪರಾಧವೆಂದರು. ಕರ್ನಾಟಕದ ಗೂಂಡಾ ಕಾಯ್ದೆಯಲ್ಲಿ ಸಾರಾಯಿ ಕಳ್ಳರ ಜೊತೆಗೆ ವಿಡಿಯೋ ಕಳ್ಳರ ಹೆಸರೂ ಸೇರಿದೆ. ಬಿಡುಗಡೆಯಾದ ವಾರದಲ್ಲೇ ಸಿನಿಮಾ ಚಿಪ್ಪಿಗೆ ಬಂದರೆ ಅದನ್ನು ಮಾಡಿದ ನೂರಾರು ಕೂಲಿ ಕೈಗಳ ಅನ್ನಕ್ಕೆ ಕಲ್ಲು. 2016ರಲ್ಲಿ ಜಿಯೋ ಬಂದು ಇಂಟರ್‌ನೆಟ್ ಅಗ್ಗವಾದ ಮೇಲೆ ಆ ವ್ಯಾಪಾರ ತಾನಾಗಿಯೇ ಇಳಿದುಹೋಯಿತು. ಸಿನಿಮಾ ಈಗ ಗಾಳಿಯಲ್ಲೇ ಬರುತ್ತದೆ.

ಹಾಗಾದರೆ ಟ್ರಂಕಿನೊಳಗಿನ ತಟ್ಟೆಗಳ ಚಿಂತೆ ಏಕೆ? ಏಕೆಂದರೆ ಎಲ್ಲವೂ ಗಾಳಿಯಲ್ಲಿ ಬರುವುದಿಲ್ಲ. 'ಭಕ್ತ ಕನಕದಾಸ'ವನ್ನು ಕಾಯುವವರು ಬೇರೆ ಇದ್ದಾರೆ. ನಿಮ್ಮ ಮದುವೆಯ ಡಿವಿಡಿಯನ್ನು ಕಾಯುವವರು ನೀವಲ್ಲದೆ ಇನ್ನಾರೂ ಇಲ್ಲ.

ನನ್ನ ಮದುವೆ ಆದದ್ದು 1993ರಲ್ಲಿ, ಮೂರು ತಾಸಿನ ವಿಎಚ್ಎಸ್ ಕ್ಯಾಸೆಟ್ಟು. 2004ರಲ್ಲಿ ಅದಕ್ಕೆ ಬೂಷ್ಟು ಹಿಡಿಯತೊಡಗಿತೆಂದು ಒಂದು ಸ್ಟುಡಿಯೋಕ್ಕೆ ಕೊಟ್ಟು ಸಿಡಿ ಮಾಡಿಸಿದೆವು. ಅವರು ಒಂದೇ ತಟ್ಟೆಗೆ ಕೂಡಿಸಬೇಕೆಂದು 'ಅನಾವಶ್ಯಕ' ಭಾಗ ತೆಗೆದರು. ಉಳಿದದ್ದು 74 ನಿಮಿಷ. ಮುಖ್ಯ ಅತಿಥಿಗಳ ಭಾಷಣ ಇತ್ತು, ಉಡುಗೊರೆ ಕೊಟ್ಟವರ ಸಾಲು ಇತ್ತು, ಗುಲಾಬಿ ಹೂವಿನೊಳಗೆ ನಾವಿಬ್ಬರೂ ಗಿರಗಿರ ತಿರುಗುವುದೂ ಇತ್ತು. ಹೋದದ್ದು ಅಡಿಗೆಮನೆ. ಹೋಳಿಗೆ ಲಟ್ಟಿಸುತ್ತ ಕ್ಯಾಮೆರಾ ಕಂಡು ಸೆರಗು ಎಳೆದುಕೊಂಡ ಚಿಕ್ಕಮ್ಮ, ಪಂಕ್ತಿಯ ಕೊನೆಗೆ ಉಣ್ಣಲು ಕುಳಿತ ನಮ್ಮವ್ವ. ಮೂಲ ಕ್ಯಾಸೆಟ್ಟು ಅಲ್ಲಿಂದ ತಿರುಗಿ ಬರಲಿಲ್ಲ. ಯಾವುದು ಅವಶ್ಯ, ಯಾವುದು ಅಲ್ಲ ಎಂದು ಒಬ್ಬ ಅಪರಿಚಿತ ತೀರ್ಮಾನಿಸಿದ್ದ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವಾಗ ಏನಾದರೂ ಚೆಲ್ಲಿಯೇ ಚೆಲ್ಲುತ್ತದೆ. ಚೆಲ್ಲುವುದು ಯಾವಾಗಲೂ ನಮ್ಮ ಪಾಲಿನದೇ ಏಕೆ ಎಂಬುದು ನನ್ನ ಪ್ರಶ್ನೆ.

2019ರ ಅಗಸ್ಟಿನಲ್ಲಿ ವರದಾ ನದಿ ಉಕ್ಕಿ ಹಾನಗಲ್ಲ, ಸವಣೂರು ತಾಲೂಕಿನ ಹಳ್ಳಿಗಳಿಗೆ ನುಗ್ಗಿದ್ದು ನಿಮಗೆ ನೆನಪಿರಬಹುದು. ಆಗ ನಾನು ಸವಣೂರು ತಾಲೂಕಿನಲ್ಲಿದ್ದೆ. ನೀರು ಇಳಿದ ಮೇಲೆ ನಮ್ಮ ಶಾಲೆಯ ಹುಡುಗಿಯೊಬ್ಬಳ ತಾಯಿ ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಬಂದಳು. ಮದುವೆಯ ಆಲ್ಬಮ್ಮು ಹಿಟ್ಟಿನ ಮುದ್ದೆಯಾಗಿತ್ತು. ಅದರ ಹಿಂದಿನ ಲಕೋಟೆಯೊಳಗೆ ಕೆಸರು ಮೆತ್ತಿದ ಡಿವಿಡಿ.

"ಅಕ್ಕೋರ, ಇದರಾಗ ನಮ್ಮವ್ವ ಅದಾಳ್ರಿ. ಮತ್ತೆಲ್ಲೂ ಇಲ್ಲ. ಇದೊಂದ ಉಳದೈತಿ" ಎಂದಳು.

ಕಾಗದ, ಟೇಪು ನೀರಿಗೆ ಸೋಲುತ್ತವೆ; ತಟ್ಟೆ ಒಂದಿಷ್ಟು ತಾಳುತ್ತದೆ. ಚಿತ್ರ ಇರುವ ಪದರು ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುವುದೇ ಅದರ ಪುಣ್ಯ. ಅಂಗಡಿಯ ಹುಡುಗ ಅದನ್ನು ಉಜ್ಜಲಿಲ್ಲ. ಸಾದಾ ನೀರಿನಲ್ಲಿ ನೆನೆಸಿ ಕೆಸರು ಬಿಡಿಸಿದ, ಮೆತ್ತನೆಯ ಅರಿವೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೆಟ್ಟಗೆ ಒರೆಸಿದ. ಸುತ್ತಲೂ ತಿರುಗಿಸಿ ಒರೆಸಬಾರದಂತೆ. ಚಿತ್ರದ ಗೆರೆ ಸುರುಳಿಯಾಗಿ ಸುತ್ತುತ್ತ ಹೋಗಿರುತ್ತದೆ, ಅದರ ಗುಂಟವೇ ಗೀರು ಬಿದ್ದರೆ ಬಹಳಷ್ಟು ಚಿತ್ರ ಒಮ್ಮೆಲೇ ಹೋಗುತ್ತದೆ. ಮೂರು ದಿನ ಬೇರೆ ಬೇರೆ ಯಂತ್ರಗಳಲ್ಲಿ ಹಾಕಿ ನೋಡಿ, ಓದಿದಷ್ಟನ್ನು ತೆಗೆದು, ಆಕೆಯ ಫೋನಿಗೆ ಹಾಕಿದ.

ನನ್ನ ಮುಂದೆಯೇ ಆಕೆ ನೋಡಿದಳು. ಸುರಗಿ ಸುತ್ತುವ ಹೊತ್ತು, ಅಜ್ಜಿಯರು ಸೋಬಾನೆ ಹಾಡುತ್ತಿದ್ದಾರೆ, ನಡುವೆ ಆಕೆಯ ತಾಯಿ. ತುಟಿ ಆಡುತ್ತಿವೆ. ಕೇಳುತ್ತಿರುವುದು ಮಾತ್ರ ಯಾವುದೋ ಸಿನಿಮಾ ಹಾಡು. ಚೆಂದ ಕಾಣಲೆಂದು ಸ್ಟುಡಿಯೋದವರು ಅಂದೇ ಮೇಲೆ ಹೊದಿಸಿದ್ದು. "ಅವ್ವ ಏನ ಹಾಡಾಕತ್ತಾಳ್ರಿ ಅಕ್ಕೋರ?" ಎಂದು ಕೇಳಿದಳು. ಏನು ಹೇಳಲಿ? ಇನ್ನೂ ಮುಂದೆ, ಆರತಿಯ ಹೊತ್ತಿಗೆ, ಹಾಡು ಹೊದಿಸಲು ಬೇಸರವಾಯಿತೋ ಮರೆತರೋ, ಅರ್ಧ ನಿಮಿಷ ಮೂಲ ಧ್ವನಿಯೇ ಉಳಿದಿತ್ತು. ಒಡೆದ, ಎತ್ತರದ, ಊರ ಹೆಂಗಸಿನ ದನಿ. ಆಕೆ ಆ ಅರ್ಧ ನಿಮಿಷವನ್ನೇ ಎಷ್ಟು ಸಲ ಹಚ್ಚಿದಳೋ ನಾನು ಎಣಿಸಲಿಲ್ಲ.

ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ಬಂದದ್ದು 1934ರಲ್ಲಿ. ಇಂದು ಅದರ ಪ್ರತಿ ಉಳಿದಿಲ್ಲ. ಸಾವಿರಾರು ಜನ ನೋಡಿದ ಚಿತ್ರಕ್ಕೇ ಈ ಗತಿಯಾದರೆ ಒಂದೇ ಪ್ರತಿಯಿರುವ ನಮ್ಮ ತಟ್ಟೆಗಳ ಪಾಡೇನು? ಅವನ್ನು ಓದುವ ಯಂತ್ರಗಳೂ ಹೋಗುತ್ತಿವೆ. ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈಗೆ ಆ ಕೆಲಸ ನಿಲ್ಲಿಸಿತು. ನಮಗೆ 28 ರೂಪಾಯಿಗೆ ಸಿನಿಮಾ ಕೊಟ್ಟ ಮೋಸರ್ ಬೇರ್ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಹಾದಿ ಹಿಡಿಯಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ತಟ್ಟೆ ಇಡುವ ಬಾಯಿಯೇ ಇಲ್ಲ. ಜೋಳದ ಹೊಲದಲ್ಲಿ ಹಕ್ಕಿ ಬೆದರಿಸಲು ಸಿಡಿ ಕಟ್ಟಿರುವುದನ್ನು ಕಂಡಾಗಲೆಲ್ಲ, ಯಾರದೋ ಅಕ್ಷತೆಯ ಹೊತ್ತು ಗಾಳಿಗೆ ತಿರುಗುತ್ತಿರಬಹುದೇ ಎಂದು ನನಗೆ ಕಳವಳವಾಗುತ್ತದೆ.

ಹೆಪ್ಪು ಹಾಕುವುದು ನಮಗೆ ಯಾರೂ ಕಲಿಸಬೇಕಿಲ್ಲ. ನಿನ್ನೆಯ ಮೊಸರನ್ನು ಇಂದಿನ ಹಾಲಿಗೆ ಹಾಕಿದರೇ ಮೊಸರು ಉಳಿಯುತ್ತದೆ. ಹಾಗೇ ಮುಚ್ಚಿಟ್ಟರೆ ಹುಳಿಯುತ್ತದೆ. ಚಿತ್ರಗಳದ್ದೂ ಅದೇ ನಿಯಮ. ಕೆಳಗಡೆ ನೀಲಿಯೋ ನೇರಳೆಯೋ ಕಾಣುವ ತಟ್ಟೆಗಳೆಲ್ಲ ಸ್ಟುಡಿಯೋದಲ್ಲಿ ಬಣ್ಣದ ಪದರಿನ ಮೇಲೆ ಸುಟ್ಟು ಬರೆದವು. ಬಿಸಿಲು, ಸೆಕೆಗೆ ಆ ಬಣ್ಣ ಮಾಸುತ್ತದೆ. ಅವನ್ನು ಮೊದಲು ವರ್ಗಾಯಿಸಿ. ಬಿಳಿ ಬೆಳ್ಳಿಯಂತಿರುವ ಅಂಗಡಿಯ ಸಿನಿಮಾ ತಟ್ಟೆ ಹೆಚ್ಚು ದಿನ ತಾಳುತ್ತದೆ. ಸಿಡಿಯ ಮೇಲ್ಮೈಗೆ ಬಾಲ್‌ಪೆನ್ನಿನಿಂದ ಒತ್ತಿ ಬರೆಯಬೇಡಿ, ಚಿತ್ರದ ಪದರು ಅಲ್ಲೇ ಕೆಳಗಿರುತ್ತದೆ. ಅಂಗಡಿಗೆ ಕೊಡುವಾಗ ಮೂರು ಮಾತು ಖಂಡಿತವಾಗಿ ಹೇಳಿ. ಏನನ್ನೂ ಕತ್ತರಿಸಬೇಡ, ಮೇಲೆ ಹಾಡು ಹಾಕಬೇಡ, ಹಳೆಯದನ್ನು ತಿರುಗಿ ಕೊಡು. ಫೋನಿಗೆ ಬೇಕಾದ ಸಣ್ಣ ಪ್ರತಿ ಬೇರೆ ಇರಲಿ. ಮೂಲದಷ್ಟೇ ದೊಡ್ಡ ಪ್ರತಿಯನ್ನು ಎರಡು ಕಡೆ ಇಡಿ, ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ತವರಿನಲ್ಲಿ.

ಇಷ್ಟಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಅದನ್ನು ಯಾವ ಅಂಗಡಿಯವನೂ ಮಾಡಿಕೊಡಲಾರ. ಆ ಚಿತ್ರದಲ್ಲಿರುವ ಮುಖಗಳಿಗೆ ತಟ್ಟೆಯಲ್ಲಿ ಹೆಸರಿಲ್ಲ. ಹಸಿರು ಸೀರೆಯವಳು ಯಾರು, ಆರತಿ ಹಿಡಿದವಳು ಯಾರ ಮಗಳು, ಹಾಡಿದ್ದು ಯಾವ ಪದ ಎಂಬುದು ಮನೆಯಲ್ಲಿರುವ ಹಿರಿಯ ಹೆಣ್ಣುಮಗಳ ನೆನಪಿನಲ್ಲಿ ಮಾತ್ರ ಇದೆ. ಫೋನನ್ನು ಆಕೆಯ ಕೈಗೆ ಕೊಟ್ಟು, ಪಕ್ಕದಲ್ಲಿ ಕುಳಿತು, ಒಂದು ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ. ರವಿವಾರದ ಒಂದು ಮಧ್ಯಾಹ್ನ ಸಾಕು.